ಶೌರಪ್ಪನ ತೊಳೆದ ಕಾಲು

ಕೂತ್ಕೊಳ್ಳಿ, ಕೂತ್ಕೊಳ್ಳಿ. ಹುಣಸೆಹಣ್ಣಿನ ಗುಡ್ಡೆ ನಡುವೆ ಇರ್ಲಿ, ನಾವು ಸುತ್ತ ಇರೋಣ. ಬೀಜ ಆ ಕಡೆ, ಹಣ್ಣು ಈ ಕಡೆ, ಕಥೆ ನನ್ನ ಕಡೆ. ಕೈ ನಿಲ್ಲಿಸಿದೋರಿಗೆ ಕಥೆ ಇಲ್ಲ. ಹೂಂ ಅನ್ನದೋರಿಗೂ ಕಥೆ ಇಲ್ಲ. ಉಪದೇಶಿ ಮಾಮ, ನೀನು ಆ ಕಂಬಕ್ಕೆ ಒರಗಬೇಡ. ಊರ ಮಕ್ಕಳಿಗೆಲ್ಲ ಜಪ ಕಲಿಸೋನು ನೀನು, ನೆಟ್ಟಗೆ ಕೂತ್ಕೋ. ಒರಗಿದೋನೊಬ್ಬನ ಕಥೆನೇ ಇವತ್ತು ಹೇಳ್ತಿರೋದು. ಆಮೇಲೆ ನನ್ನ ಬೈಬೇಡ.

ಎಲ್ಲಿ, ಹೂಂ ಅನ್ನಿ ನೋಡೋಣ.

ಏಳು ಬೆಟ್ಟ ದಾಟಿ, ಏಳು ಹಳ್ಳ ದಾಟಿ, ನೀರಿಲ್ಲದ ಎಂಟನೇ ಹಳ್ಳನ ನಡ್ಕೊಂಡೇ ದಾಟಿದ್ರೆ ಅಲ್ಲೊಂದು ಊರಿತ್ತಂತೆ. ಆ ಊರಿಗೆ ಹೆಸರಿಲ್ಲ. ಯಾಕಿಲ್ಲ? ಹೆಸರು ಹೇಳಿದ್ರೆ ಆ ಊರೋರು ಜಗಳಕ್ಕೆ ಬರ್ತಾರೆ. ನಮ್ಮೂರಲ್ಲ ಅಂತ ಮಾತ್ರ ತಿಳ್ಕೊಳ್ಳಿ, ಸಾಕು.

ಊರ ನಡುವೆ ಒಂದು ಚರ್ಚು. ಚರ್ಚಿನ ಮುಂದೆ ಒಂದು ಹುಣಸೆಮರ. ಮೇಲೊಂದು ದೊಡ್ಡ ಗಂಟೆ. ಆ ಊರಿನ ಯಜಮಾನ ಶೌರಪ್ಪ. ಶೌರಪ್ಪನ ಅಜ್ಜ ಏನು ಮಾಡಿದ್ದ? ಚರ್ಚಿನ ತಳಪಾಯಕ್ಕೆ ಕಲ್ಲು ಹೊತ್ತಿದ್ದ. ಶೌರಪ್ಪನ ಅಪ್ಪ ಏನು ಮಾಡಿದ್ದ? ಮೂರು ದಿನ ಗಾಡಿ ಹೊಡ್ಕೊಂಡು ಹೋಗಿ ಗಂಟೆ ತಂದಿದ್ದ. ಶೌರಪ್ಪ ಏನು ಮಾಡ್ದ? ಕೂತ್ಕೊಂಡ. ಊರೋರೆಲ್ಲ ಚಾಪೆ ಮೇಲೆ, ಅವನು ಮಾತ್ರ ಕೈಯಿರೋ ಕುರ್ಚಿ ಮೇಲೆ. ಅಜ್ಜ ಕಲ್ಲು ಹೊತ್ತ, ಅಪ್ಪ ಗಂಟೆ ಹೊತ್ತ, ಮೊಮ್ಮಗ ಹೊಟ್ಟೆ ಹೊತ್ತ.

ಕೆಟ್ಟೋನಾ ಅಂತೀರಾ? ಅಲ್ಲ ಕಣ್ರವ್ವಾ. ಕುಡಿಯೋನಲ್ಲ, ಕದಿಯೋನಲ್ಲ, ಇನ್ನೊಬ್ಬರ ಬದುವಿಗೆ ಕೈ ಹಾಕೋನಲ್ಲ. ಕೆಟ್ಟೋನಾಗಿದ್ರೆ ಒಂದು ಲೆಕ್ಕಕ್ಕೆ ಚೆನ್ನಾಗಿತ್ತು, ಎಂದಾದ್ರೂ ಒಂದಿನ ಕೂತು ಅಳ್ತಿದ್ದ. ಇವನಿಗೆ ಅಳೋಕೆ ಕಾರಣನೇ ಸಿಗ್ತಿರ್ಲಿಲ್ಲ. ಯಾರಾದ್ರೂ "ಯಜಮಾನ್ರೇ, ಜಪಕ್ಕೆ ಬರ್ತೀರಾ?" ಅಂದ್ರೆ, "ನಮ್ಮ ಮನೇಲಿ ಮೂರು ತಲೆಮಾರಿಗಾಗೋಷ್ಟು ಜಪ ಆಗಿದೆ" ಅಂತಿದ್ದ. ನಮ್ಮಜ್ಜ ತುಪ್ಪ ತಿಂದಿದ್ದ, ನನ್ನ ಕೈ ಮೂಸಿ ನೋಡು ಅನ್ನೋ ಜಾತಿ.

ಈಗ ಕಾಲಿನ ವಿಷಯಕ್ಕೆ ಬರ್ತೀನಿ. ಸ್ವಾಮಿ ಸತ್ತು ಎದ್ದ ಪಾಸ್ಕ ಹಬ್ಬಕ್ಕೆ ಮುಂಚಿನ ಗುರುವಾರ ನಮ್ಮಲ್ಲಿ ಗುರುಗಳು ಹನ್ನೆರಡು ಜನರ ಕಾಲು ತೊಳೀತಾರಲ್ಲ, ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ಹಾಗೆ? ಆ ಊರಲ್ಲೂ ಹಂಗೇ. ಹನ್ನೆರಡರಲ್ಲಿ ಮೊದಲನೇ ಜಾಗ ಶೌರಪ್ಪನದು. ಅಜ್ಜನ ಕಾಲದಿಂದ ಬಂದದ್ದು. ಆ ದಿನ ಶೌರಪ್ಪ ಏನು ಮಾಡ್ತಿದ್ದ ಗೊತ್ತಾ? ಬೆಳಿಗ್ಗೆನೇ ಹೆಂಡತಿ ಲೂರ್ದಮ್ಮನ ಮುಂದೆ ಕಾಲು ಚಾಚಿ ಕೂರ್ತಿದ್ದ. ಅವಳು ಸೀಗೆಪುಡಿ ಹಾಕಿ ಉಜ್ಜಬೇಕು. ಕಲ್ಲಲ್ಲಿ ಹಿಮ್ಮಡಿ ತಿಕ್ಕಬೇಕು. ಕೊಬ್ಬರಿ ಎಣ್ಣೆ ಸವರಬೇಕು. ಆಮೇಲೆ ನೆಲ ಮುಟ್ಟೋ ಹಾಗಿಲ್ಲ. ಮನೆಯಿಂದ ಚರ್ಚಿಗೆ ಇನ್ನೂರು ಹೆಜ್ಜೆ. ಅದಕ್ಕೂ ಗಾಡಿ ಕಟ್ಟಿಸ್ತಿದ್ದ.

ಗುರುಗಳು ಬಗ್ಗಿ ನೀರು ಹಾಕಿದ್ರೆ ತಟ್ಟೆಗೆ ಬಿದ್ದ ನೀರು ಹಾಕಿದ ಹಾಗೇ ಇರ್ತಿತ್ತು. ಅದರಲ್ಲಿ ಸಾರಿಗೆ ಬೇಳೆ ಬೇಯಿಸಬಹುದಿತ್ತು. ಊರೋರು ಬಾಯಿ ಬಿಟ್ಕೊಂಡು ನೋಡೋರು. ಶೌರಪ್ಪ ಮೀಸೆ ತಿರುವಿ ಅನ್ನೋನು, "ನಮ್ಮ ಮನೆತನದ ಕಾಲು. ತೊಳೆಯೋಕೆ ಇದರಲ್ಲಿ ಏನಿದೆ?" ತೊಳೆದ ಕಾಲನ್ನೇ ಮತ್ತೆ ತೊಳೆಸ್ಕೊಳ್ಳೋನಿಗೆ ನೀರು ಯಾಕೆ, ಗುರುಗಳು ಯಾಕೆ, ನೀವೇ ಹೇಳಿ.

ಹೂಂ ಅನ್ನಿ, ಹೂಂ ಅನ್ನಿ.

ಒಂದು ವರ್ಷ ತಪಸ್ಸು ಕಾಲ ಬಂತು. ಹಣೆಗೆ ಬೂದಿ ಇಟ್ಕೊಂಡ್ರೆ ನಲವತ್ತು ದಿನ ಉಪವಾಸ, ಜಪಸರ, ಶುಕ್ರವಾರ ಶುಕ್ರವಾರ ಶಿಲುಬೆ ಹೊತ್ಕೊಂಡು ಗುಡ್ಡ ಹತ್ತೋದು. ಶೌರಪ್ಪ ಯೋಚನೆ ಮಾಡ್ದ. ಉಪವಾಸ ಇದ್ರೆ ಹೊಟ್ಟೇಲಿ ಗಾಳಿ ತುಂಬುತ್ತೆ. ಮೊಣಕಾಲೂರಿ ಜಪ ಮಾಡಿದ್ರೆ ಮಂಡಿ ನೋವು. ಶಿಲುಬೆ ಹೊತ್ರೆ ಹೆಗಲು ಉಳುಕುತ್ತೆ. ಏನು ಮಾಡೋದು? ಹೊಲಕ್ಕೆ ಆಳಿದಾನೆ. ದನಕ್ಕೆ ಆಳಿದಾನೆ. ದೇವರಿಗೂ ಆಳಿಟ್ರೆ ಆಯ್ತು.

ಇಟ್ಟೇಬಿಟ್ಟ. ಒಬ್ಬರಲ್ಲ, ಮೂವರನ್ನ.

ಶಿಲುಬೆ ಹೊರೋಕೆ ಕಲ್ಲು ಒಡೆಯೋ ಸಗಾಯಿ. ಉಪವಾಸ ಇರೋಕೆ ಇನ್ನಾಸಿ ಅಂತ ಒಬ್ಬ ಬಡಕಲ. ಪಾಪ, ಇನ್ನಾಸಿ ಹೇಗಿದ್ರೂ ಉಪವಾಸನೇ ಇರ್ತಿದ್ದ, ಈಗ ಯಜಮಾನರ ಹೆಸರಲ್ಲಿ ಇರು ಅಂದ್ರು. ಕೂಲಿ ದಿನಕ್ಕೊಂದು ಸೇರು ರಾಗಿ. ತಿಂದ್ರೆ ಕೆಲಸ ಕೆಡ್ತು, ತಿನ್ನದಿದ್ರೆ ಕೂಲಿ ಯಾಕೆ ಅಂತ ಅವನು ರಾಗಿ ಮುಂದಿಟ್ಕೊಂಡು ಕೂತಿರ್ತಿದ್ದ. ಇನ್ನು ಜಪಸರ ಹೇಳೋಕೆ ಜ್ಞಾನಮ್ಮ. ಗಂಡ ಇಲ್ಲ, ಮಕ್ಕಳಿಲ್ಲ. ಕೆರೆ ಪಕ್ಕದಲ್ಲಿ ಒಂದು ಗುಡಿಸಲು, ಗುಡಿಸಲಿಗೊಂದು ಆಡು. ಅಷ್ಟೇ ಅವಳ ಸಂಸಾರ.

ಶೌರಪ್ಪ ಜ್ಞಾನಮ್ಮನ ಕೈಗೆ ತನ್ನ ತಾಯಿಯ ಜಪಸರ ಕೊಟ್ಟ. ಮಣಿ ಸವೆದು ನುಣ್ಣಗಾಗಿತ್ತು. "ಇದ್ರಲ್ಲೇ ಹೇಳಮ್ಮ. ಬೇರೆ ಸರದಲ್ಲಿ ಹೇಳಿದ್ರೆ ಬೇರೆಯೋರಿಗೆ ಹೋಗಿಬಿಟ್ಟೀತು. ಕೊನೇಲಿ 'ಇದು ಶೌರಪ್ಪನೋರ ಹೆಸರಲ್ಲಿ' ಅಂತ ಗಟ್ಟಿಯಾಗಿ ಹೇಳು."

"ನೀವೇನು ಮಾಡ್ತೀರಿ ಯಜಮಾನ್ರೇ?"

"ನಾನು ಇಲ್ಲೇ ಜಗಲಿ ಮೇಲೆ ಮಲಗಿರ್ತೀನಿ. ನಿನ್ನ ಜಪ ಕಿವಿಗೆ ಬೀಳ್ತಿರ್ಲಿ. ಚೆನ್ನಾಗಿ ನಿದ್ದೆ ಬರುತ್ತೆ."

ಇಷ್ಟೇ ಆಗಿದ್ರೆ ನಗಾಡ್ಕೊಂಡು ಸುಮ್ಮನಾಗಬಹುದಿತ್ತು. ಆದ್ರೆ ಹುಣಸೆಮರ ಅಂದ್ನಲ್ಲ, ಅದರ ಮೇಲೆ ಒಬ್ಬ ಮರಿ ಸೈತಾನ ಕೂತಿದ್ದ.

ಹೆದರಬೇಡ್ರಿ, ನಾವು ಬಿಡಿಸ್ತಿರೋ ಹಣ್ಣು ಬೇರೆ ಮರದ್ದು.

ಆ ಮರಿ ಸೈತಾನನಿಗೆ ದೊಡ್ಡ ಸೈತಾನ ಒಂದು ಕಟ್ಟಳೆ ಹೇಳಿ ಕಳಿಸಿದ್ದ. "ಬೂದಿ ಬುಧವಾರದಿಂದ ಕಾಲು ತೊಳೆಯೋ ಗುರುವಾರದವರೆಗೆ ನೋಡು. ಯಾರು ಒಂದು ಸಲವೂ ತನ್ನ ಮಂಡಿ ತಾನೇ ಊರಲ್ವೋ, ತನ್ನ ಬಾಯಿಂದ ತಾನೇ ದೇವರನ್ನ ಕರೆಯಲ್ವೋ, ಅವನು ನಮ್ಮೋನು. ಗುರುವಾರ ಸಂಜೆ ಅವರ ಗಂಟೆ ಬಾಯಿ ಕಟ್ಟುತ್ತೆ. ಮರದ ಗಿಲಕಿ ಮೊದಲನೇ ಸಲ ಕಟಕಟ ಅಂದ ಕೂಡಲೇ ಚೀಲದಲ್ಲಿ ತುಂಬಿ ಇಟ್ಟಿರು. ಹೊತ್ಕೊಂಡು ಬರೋಕೆ ನಾನು ಆಳು ಕಳಿಸ್ತೀನಿ."

ನಿಮಗೆ ಗೊತ್ತಿರೋದೇ. ಆ ಗುರುವಾರ ಪೂಜೆ ಶುರುವಾದಾಗ ಗಂಟೆನ ಜೋರಾಗಿ ಬಾರಿಸ್ತಾರೆ, ಆಮೇಲೆ ಪಾಸ್ಕದವರೆಗೆ ಮುಟ್ಟಲ್ಲ. ಗಂಟೆ ಹೊಡೀಬೇಕಾದ ಕಡೆ ಮರದ ಗಿಲಕಿ ಆಡಿಸ್ತಾರೆ. ನಮಗೆ ಅದು ದುಃಖದ ಸದ್ದು, ಸೈತಾನನಿಗೆ ಊಟದ ಸದ್ದು.

ಮರಿ ಸೈತಾನ ಮೊದಲನೇ ದಿನ ಮೂರು ಹಗ್ಗ ತಂದಿದ್ದ. ಸಿಟ್ಟಿನ ಹಗ್ಗ, ಆಸೆ ಹಗ್ಗ, ಹೊಟ್ಟೆಕಿಚ್ಚಿನ ಹಗ್ಗ. ಬಂದು ಜಗಲಿ ಇಣುಕಿ ನೋಡ್ದ. ಶೌರಪ್ಪ ಗೊರಕೆ ಹೊಡೀತಿದ್ದಾನೆ. ಸೈತಾನ ಹಗ್ಗ ಸುತ್ತಿ ಕಂಕುಳಿಗೆ ಸಿಕ್ಕಿಸ್ಕೊಂಡ. "ಇಲ್ಲಿ ಕಟ್ಟೋ ಕೆಲಸನೇ ಇಲ್ಲ. ಇವನು ಏಳದೇ ಇದ್ರೆ ಸಾಕು" ಅಂದ.

ಅವತ್ತಿಂದ ಸೈತಾನ ಶೌರಪ್ಪನ ಚಾಕರಿಗೆ ನಿಂತ. ನೊಣ ಬಂದ್ರೆ ಓಡಿಸ್ದ. ಕೋಳಿ ಕೂಗೋಕೆ ಬಾಯಿ ತೆಗೆದ್ರೆ ಕತ್ತು ಸವರಿ ಸುಮ್ಮನಾಗಿಸ್ದ. ಸೆಕೆ ಆದ್ರೆ ತಲೆ ಹತ್ರ ಕೂತು ಬೀಸಣಿಗೆ ಬೀಸ್ದ. ಕೇಳಿದ್ರಾ? ಸೈತಾನ ಬೀಸಣಿಗೆ ಬೀಸ್ದ. ಆದ್ದರಿಂದ ನಾನು ಹೇಳೋದು, ಗುರುಗಳು ಪ್ರಸಂಗ ಹೇಳೋ ಹೊತ್ತಲ್ಲಿ ತಂಪಾಗಿ ನಿದ್ದೆ ಬಂದ್ರೆ, ಬೀಸ್ತಿರೋದು ಯಾರು ಅಂತ ಒಂದ್ಸಲ ಕಣ್ಣು ಬಿಟ್ಟು ನೋಡ್ಕೊಳ್ಳಿ.

ಇದನ್ನ ಯಾರು ಕಂಡ್ರು? ಜ್ಞಾನಮ್ಮ ಕಂಡಳು. ಸೈತಾನ ಅವಳನ್ನ ಲೆಕ್ಕಕ್ಕೇ ತಗೊಂಡಿರ್ಲಿಲ್ಲ. ಕೂಲಿಯೋಳು, ರಾಗಿಗೆ ಜಪ ಮಾಡೋಳು, ಇವಳಿಗೇನು ಕಾಣುತ್ತೆ ಅಂದ್ಕೊಂಡಿದ್ದ. ಮೊದಮೊದಲು ಅವಳೂ ಹಂಗೇ ಇದ್ಲು ಬಿಡಿ, ಐದು ಮಣಿಗೆ ಎರಡು ಮಣಿ ಹಾರಿಸ್ತಿದ್ಲು. ಆದ್ರೆ ದಿನಾ ಒಬ್ಬನ ಹೆಸರು ಹಿಡಿದು ಬೇಡ್ಕೊಂಡ್ರೆ ಏನಾಗುತ್ತೆ? ಅವನು ನಿಮ್ಮೋನಾಗಿಬಿಡ್ತಾನೆ. ಎರಡು ವಾರ ಕಳೆಯೋ ಹೊತ್ತಿಗೆ ಜ್ಞಾನಮ್ಮನಿಗೆ ಆ ದಪ್ಪ ಹೊಟ್ಟೆ ಮೇಲೆ ನಿಜವಾಗ್ಲೂ ಕರುಣೆ ಬಂದುಬಿಟ್ಟಿತ್ತು. ರಾಗಿ ಬೇಡ ಅಂದಳು. ಜಪ ಬಿಡ್ಲಿಲ್ಲ.

ಒಂದು ಶುಕ್ರವಾರ ಏನು ಕಂಡಳು? ಬೇವಿನ ಮರದಲ್ಲಿ ಒಂದು ಎಲೆ ಅಲ್ಲಾಡ್ತಿಲ್ಲ, ಶೌರಪ್ಪನ ಹೆಗಲ ಮೇಲಿನ ವಸ್ತ್ರ ಮಾತ್ರ ಪಟಪಟ ಅಂತ ಅಲ್ಲಾಡ್ತಿದೆ. ಅವಳು ಎಬ್ಬಿಸಿ ಹೇಳಿದಳು, "ಯಜಮಾನ್ರೇ, ಯಾರೋ ನಿಮಗೆ ಬೀಸ್ತಿದಾರೆ. ಎದ್ದು ಒಂದು ನಮೋ ಮರಿಯಾ ಜಪ ಹೇಳಿ."

ಶೌರಪ್ಪ ಆಕಳಿಸ್ದ. "ನಮ್ಮಜ್ಜ ಕಲ್ಲು ಹೊತ್ತಿದಾನೆ ಕಣಮ್ಮ. ಮಲಕ್ಕೋತೀನಿ."

ಇನ್ನೊಂದು ಶುಕ್ರವಾರ ಏನು ಕೇಳಿದಳು? ಯಾರೋ ಸಣ್ಣ ದನಿಯಲ್ಲಿ ಅಳತೆ ಹಿಡೀತಿದಾರೆ. "ಹೊಟ್ಟೆ ನಾಲ್ಕು ಮೊಳ. ಕುತ್ತಿಗೆ ಇಲ್ಲ, ಅದನ್ನ ಬಿಡು." ಅವಳು ಎಬ್ಬಿಸಿ ಹೇಳಿದಳು, "ಯಜಮಾನ್ರೇ, ನಿಮ್ಮನ್ನ ಅಳೀತಿದಾರೆ. ಎದ್ದು ಒಂದ್ಸಲ ಮಂಡಿ ಊರಿ."

ಶೌರಪ್ಪ ಮಗ್ಗುಲು ಬದಲಾಯಿಸ್ದ. "ನಮ್ಮಪ್ಪ ಗಂಟೆ ತಂದಿದಾನೆ ಕಣಮ್ಮ. ಮಲಕ್ಕೋತೀನಿ."

ಮೂರನೇ ಶುಕ್ರವಾರ ಹುಣಸೆಮರದ ಕೆಳಗೆ ಹಾದು ಬರುವಾಗ ಮೇಲಿಂದ ಹಾಡು. ಮರಿ ಸೈತಾನ ಗೋಣಿದಬ್ಬಳ ಹಿಡಿದು ಚೀಲ ಹೊಲೀತಾ ಹಾಡ್ತಿದಾನೆ. "ಗುರುವಾರ ಬರ್ತದೆ, ಗಿಲಕಿ ಆಡ್ತದೆ, ಶೌರಪ್ಪ ಚೀಲ ಸೇರ್ತಾನೆ." ಜ್ಞಾನಮ್ಮ ಅಲ್ಲಿ ನಿಲ್ಲಲಿಲ್ಲ. ಓಡಿ ಬಂದು ಎಲ್ಲನೂ ಹೇಳಿದಳು. ಕಾಲು ಹಿಡ್ಕೊಂಡೇ ಹೇಳಿದಳು.

ಶೌರಪ್ಪ ನಕ್ಕ. "ನನ್ನ ಕಾಲು ಹಿಡಿದಿದೀಯಲ್ಲ, ನೋಡು ಎಷ್ಟು ಚೆನ್ನಾಗಿದೆ. ಗುರುಗಳೇ ಮೊದಲು ಮುಟ್ಟೋ ಕಾಲು ಇದು. ಇದನ್ನ ಸೈತಾನ ಮುಟ್ತಾನಾ? ನಿನಗೆ ವಯಸ್ಸಾಯ್ತು ಜ್ಞಾನಮ್ಮ. ಎರಡು ಮಣಿ ಜಾಸ್ತಿ ಹೇಳು, ಹೋಗು."

ಅಪ್ಪ ನೆಟ್ಟ ಆಲದ ಮರ ಅಂತ ಅದಕ್ಕೇ ನೇಣು ಹಾಕ್ಕೊಳ್ಳೋನಿಗೆ ಏನು ಹೇಳ್ತೀರಿ? ಜ್ಞಾನಮ್ಮ ಗುಡಿಸಲಿಗೆ ಹೋದಳು. ಅತ್ತಳು. ಅತ್ತು ಮುಗಿಸಿ ಕಣ್ಣು ಒರೆಸ್ಕೊಂಡಳು. ಎದುರಿಗೆ ಆಡು ನಿಂತಿತ್ತು, ಏನೋ ಮೆಲುಕು ಹಾಕ್ತಾ. ಅದರ ಬಾಯನ್ನೇ ನೋಡಿದಳು. ನೋಡ್ತಾ ನೋಡ್ತಾ ಅವಳಿಗೆ ನಗು ಬಂತು.

ಯಾಕೆ ನಗು ಬಂತು? ತಾಳ್ರಿ, ಹೇಳ್ತೀನಿ. ಥೆಕ್ಲಕ್ಕ, ಬೀಜನ ಹಣ್ಣಿಗೆ ಹಾಕ್ತಿದೀಯ, ನೋಡ್ಕೋ.

ಗುರುವಾರ ಬಂತು. ಬೆಳಿಗ್ಗೆ ಲೂರ್ದಮ್ಮ ಸೀಗೆ ಹಾಕಿ ಉಜ್ಜಿದಳು, ಕಲ್ಲಲ್ಲಿ ತಿಕ್ಕಿದಳು, ಎಣ್ಣೆ ಸವರಿದಳು. ಶೌರಪ್ಪ ಕಾಲೆರಡನ್ನೂ ದಿಂಬಿನ ಮೇಲಿಟ್ಟು ಜಗಲೀಲಿ ಮಲಗಿದ. ಸಂಜೆ ಗಾಡಿ ಬರೋವರೆಗೆ ಅಲ್ಲಾಡೋ ಹಾಗಿಲ್ಲ.

ಮರಿ ಸೈತಾನ ಒಂದ್ಸಲ ಬಂದು ನೋಡ್ಕೊಂಡು ಹೋದ. ನಲವತ್ತು ದಿನದ ಕೆಲಸ ಮುಗೀತು. ಮಂಡಿ ಊರಿಲ್ಲ, ಬಾಯಿ ತೆರೆದಿಲ್ಲ. ಇನ್ನು ಒಂದು ಮಧ್ಯಾಹ್ನ. ಚೀಲನ ಮರದ ಕೆಳಗೆ ಹಾಸ್ದ. ಹೊಲಿಗೆ ಗಟ್ಟಿಯಾಗಿದ್ಯಾ ಅಂತ ಒಳಗೆ ಕೈ ಹಾಕಿ ನೋಡ್ದ. ಅಗಲ ಸಾಲುತ್ತಾ ಅಂತ ತಲೆ ತೂರಿಸಿ ನೋಡ್ದ. ಮೆತ್ತಗಿದ್ಯಾ ಅಂತ ಪೂರ್ತಿ ಒಳಗೆ ಹೋಗಿ ಮಲಗಿ ನೋಡ್ದ. ನೆರಳು ತಂಪಾಗಿತ್ತು. ನಲವತ್ತು ದಿನ ಇನ್ನೊಬ್ಬನಿಗೆ ಬೀಸಿ ಬೀಸಿ ಅವನ ರಟ್ಟೆಯೂ ಸೋತಿತ್ತು. "ಶೌರಪ್ಪ ಎಲ್ಲಿಗೆ ಹೋಗ್ತಾನೆ" ಅಂದ್ಕೊಂಡ. ಕಣ್ಣು ಮುಚ್ದ. ಅಷ್ಟೇ, ನಿದ್ದೆ ಹತ್ತಿತು.

ಇತ್ತ ಶೌರಪ್ಪನಿಗೆ ಎಚ್ಚರ ಆಯ್ತು. ಯಾಕಾಯ್ತು? ಜಪದ ಸದ್ದೇ ಇಲ್ಲ. ನಲವತ್ತು ದಿನದಿಂದ ಗುಣುಗುಣು ಅನ್ನೋ ಸದ್ದಲ್ಲಿ ಮಲಗಿ ಅಭ್ಯಾಸ, ಸದ್ದು ನಿಂತ್ರೆ ನಿದ್ದೆ ಎಲ್ಲಿ ಬರುತ್ತೆ? "ಜ್ಞಾನಮ್ಮ ಎಲ್ಲಿ?" ಅಂತ ಕೂಗ್ದ.

ಲೂರ್ದಮ್ಮ ಒಳಗಿಂದ ಹೇಳಿದಳು, "ಇವತ್ತು ಮಂಡಿ ನೋವಂತೆ. ಜಪ ಹೇಳೋಕೆ ಬೇರೆಯೋರನ್ನ ಇಟ್ಟಿದಾಳಂತೆ."

"ಏನಂದೆ? ಬೇರೆಯೋರನ್ನ ಇಟ್ಟಿದಾಳಾ? ನನ್ನ ಜಪಕ್ಕೆ?" ಶೌರಪ್ಪ ದಡಕ್ಕನೆ ಎದ್ದ. ಸಿಟ್ಟಲ್ಲಿ ಮೆಟ್ಟು ಮರೆತ, ಗಾಡಿ ಮರೆತ, ಬರಿಗಾಲಲ್ಲಿ ಬೀದಿಗೆ ಬಿದ್ದ. ಸೈತಾನ ಎಚ್ಚರ ಇದ್ದಿದ್ರೆ ಮೆಟ್ಟು ತಂದು ಕಾಲ ಮುಂದೆ ಇಡ್ತಿದ್ದ. ತಂಪು ಗಾಳಿ ಬೀಸಿ ಮತ್ತೆ ಮಲಗಿಸ್ತಿದ್ದ. ಏನೂ ಇಲ್ದಿದ್ರೆ ಎತ್ತು ಕಟ್ಟಿ ತಾನೇ ಗಾಡಿ ಹೊಡೀತಿದ್ದ. ಅವನು ಚೀಲದಲ್ಲಿದಾನೆ.

ಕೆರೆ ಪಕ್ಕದ ಗುಡಿಸಲ ಮುಂದೆ ಜ್ಞಾನಮ್ಮ ಕಾಲು ಚಾಚಿ ಕೂತಿದ್ದಳು. ಸಗಾಯಿ ಇದ್ದ, ಇನ್ನಾಸಿ ಇದ್ದ, ಅರ್ಧ ಊರು ಇತ್ತು. ಗೂಟಕ್ಕೆ ಆಡು ಕಟ್ಟಿತ್ತು. ಆಡಿನ ಕೊರಳಲ್ಲಿ ಶೌರಪ್ಪನ ತಾಯಿಯ ಜಪಸರ.

"ಇದೇನಮ್ಮ ಇದು?" ಅಂದ ಶೌರಪ್ಪ.

"ಜಪ ನಡೀತಿದೆ ಯಜಮಾನ್ರೇ. ಬೆಳಿಗ್ಗೆಯಿಂದ ಒಂದು ಗಳಿಗೆ ಬಾಯಿ ನಿಲ್ಲಿಸಿಲ್ಲ ಪಾಪ. ನೋಡಿ, ಹೆಂಗೆ ಆಡಿಸ್ತಿದೆ."

ಆಡು ಶೌರಪ್ಪನ ಮುಖ ನೋಡ್ಕೊಂಡು ಮೆಲುಕು ಹಾಕ್ತು. ಜನ ಹೊಟ್ಟೆ ಹಿಡ್ಕೊಂಡು ನಕ್ಕರು.

"ಜಪ ಮಾಡಬೇಕಾದೋಳು ನೀನು. ನಿನಗೆ ಒಪ್ಪಿಸಿದ ಕೆಲಸನ ಆಡಿಗೆ ಒಪ್ಪಿಸ್ತೀಯಾ? ಅದಕ್ಕೇನು ಮನಸ್ಸಿದ್ಯಾ, ಭಕ್ತಿ ಇದ್ಯಾ? ಬಾಯಿ ಆಡಿದ್ರೆ ಜಪ ಆಗುತ್ತಾ? ದೇವರಿಗೇನು ಕಣ್ಣಿಲ್ಲ ಅಂದ್ಕೊಂಡ್ಯಾ?"

ಜ್ಞಾನಮ್ಮ ನಗಲಿಲ್ಲ. "ನಾನೂ ಅದನ್ನೇ ಕೇಳ್ಬೇಕು ಅಂತಿದ್ದೆ ಯಜಮಾನ್ರೇ" ಅಂದಳು. "ಆಡಿಗಾದ್ರೂ ಗೊತ್ತಿಲ್ಲ. ನಿಮಗೆ ಗೊತ್ತಿತ್ತು."

ನಗ್ತಿದ್ದ ಜನ ತಲೆ ತಗ್ಗಿಸಿದ್ರು, ಯಾಕಂದ್ರೆ ಅವರಲ್ಲಿ ಕೆಲವರು ಆ ದಿನದ ಜಪನ ಹೆಂಡತಿಗೆ ಒಪ್ಪಿಸಿ ಬಂದಿದ್ರು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋರು ಎಲ್ಲ ಊರಲ್ಲೂ ಇರ್ತಾರೆ. ಮಾಮ, ನಿನ್ನ ಕೈ ಯಾಕೆ ಹೆಗಲ ಮೇಲೆ ಹೋಯ್ತು?

ಶೌರಪ್ಪ ಜಪಸರ ಬಿಚ್ಕೊಳ್ಳೋಕೆ ಕೈ ಚಾಚ್ದ. ಆಡು ಬೆದರ್ತು. ಹಗ್ಗ ಕಿತ್ಕೊಂಡು ಕೆರೆ ಕಡೆ ಓಟ. ಹಿಂದೆ ಶೌರಪ್ಪ. "ನಮ್ಮವ್ವನ ಸರ, ನಮ್ಮವ್ವನ ಸರ" ಅಂತ ಕೂಗ್ತಾ ಓಡ್ದ. ಮೂವತ್ತು ವರ್ಷದಿಂದ ಓಡದಿದ್ದ ಕಾಲು. ಸಗಣಿ ತುಳಿದ, ಮುಳ್ಳು ತುಳಿದ, ಎಮ್ಮೆ ಬೀಳೋ ಹೊಂಡಕ್ಕೆ ಮಂಡಿವರೆಗೆ ಇಳಿದ. ಕೆಸರಲ್ಲಿ ಮುಗ್ಗರಿಸಿ ಆಡಿನ ಹಿಂಗಾಲು ಹಿಡಿದ. ಆಡು ಮೇ ಅಂತು. ಇವನು ಅಮ್ಮಾ ಅಂದ.

ಸರ ಕೈಗೆ ಬಂತು. ಕೆಸರು ಒರೆಸಿ ನೋಡ್ದ. ಆ ಸವೆದ ಮಣಿ ಬೆರಳಿಗೆ ತಾಗಿದ ಕೂಡಲೇ ಅವನಿಗೆ ತಾಯಿ ನೆನಪಾದಳು. ಚಿಕ್ಕಂದಿನಲ್ಲಿ ತೊಡೆ ಮೇಲೆ ಕೂರಿಸ್ಕೊಂಡು, ಇವನ ಬೆರಳು ಹಿಡಿದು ಒಂದೊಂದೇ ಮಣಿ ಮೇಲೆ ಇಡ್ತಿದ್ದಳು. "ನಾನು ನಿನಗೋಸ್ಕರ ಬೇಡ್ಕೋತೀನಿ ಕಂದ, ನಿನ್ನ ಬದಲಿಗೆ ಬೇಡೋಕಾಗಲ್ಲ" ಅಂತಿದ್ದಳು. ಅದನ್ನ ಅವನು ಐವತ್ತು ವರ್ಷ ಮರೆತಿದ್ದ. ಈಗ ಕೆಸರಲ್ಲಿ ಕೂತ್ಕೊಂಡು ಶೌರಪ್ಪನಿಗೆ ಭಯ ಆಯ್ತು. ಚೀಲದ ಮಾತು ನೆನಪಾಯ್ತು. ಇವತ್ತು ಗುರುವಾರ ಅನ್ನೋದೂ ನೆನಪಾಯ್ತು.

ಅಷ್ಟೊತ್ತಿಗೆ ಚರ್ಚಿನ ಗಂಟೆ ಢಣ್ ಢಣ್ ಅಂತ ಬಾರಿಸ್ತು. ಅವನ ಅಪ್ಪ ತಂದ ಗಂಟೆ. ಜೋರಾಗಿ ಬಾರಿಸ್ತು, ಆಮೇಲೆ ನಿಂತುಹೋಯ್ತು. ಇನ್ನು ಪಾಸ್ಕದವರೆಗೆ ಇಲ್ಲ.

ಕಾಲು ತೊಳ್ಕೊಳ್ಳೋಕೆ ಹೊತ್ತಿಲ್ಲ. ಮನೆಗೆ ಹೋಗೋಕೆ ಹೊತ್ತಿಲ್ಲ. ಇದ್ದ ಹಾಗೇ ಓಡ್ದ. ಹುಣಸೆಮರದ ಕೆಳಗೆ ಏನೋ ಗೊರಕೆ ಹೊಡೀತಿರೋ ಚೀಲ ದಾಟ್ಕೊಂಡು ಹೋದ, ಇವನಿಗೆ ಗೊತ್ತಾಗ್ಲಿಲ್ಲ.

ಒಳಗೆ ಹನ್ನೊಂದು ಜನ ಕೂತಿದ್ರು. ಮೊದಲನೇ ಕುರ್ಚಿ ಖಾಲಿ. ಗುರುಗಳು ಸೊಂಟಕ್ಕೆ ತುಂಡುಬಟ್ಟೆ ಕಟ್ಕೊಂಡು ನೀರಿನ ಹೂಜಿ ಹಿಡಿದು ಕಾಯ್ತಿದ್ರು. ಶೌರಪ್ಪ ಬಾಗಿಲಲ್ಲಿ ನಿಂತ. ಮೊಣಕಾಲವರೆಗೆ ಕೆಸರು, ಅದರ ಮೇಲೆ ಸಗಣಿ, ಹಿಮ್ಮಡಿಯಲ್ಲಿ ಮುಳ್ಳು. ಹೆಂಗಸರು ಸೆರಗು ಮೂಗಿಗೆ ಹಿಡ್ಕೊಂಡ್ರು. ಹಿಂದಕ್ಕೆ ಹೋಗೋಣ ಅನ್ನಿಸ್ತು. ಹೋದ್ರೆ ಚೀಲ. ಮುಂದೆ ಹೋದ್ರೆ ನಾಚಿಕೆ. ಒಂದೊಂದೇ ಹೆಜ್ಜೆ ಇಟ್ಟು ಮುಂದೆ ಬಂದು ಕೂತ, ಹೆಜ್ಜೆಹೆಜ್ಜೆಗೂ ನೆಲದ ಮೇಲೆ ಗುರುತು.

ಗುರುಗಳು ಮುಂದೆ ಬಂದು ಮಂಡಿ ಊರಿದ್ರು. ವಯಸ್ಸಾದ ಗುರುಗಳು, ಅವರಿಗೂ ಮಂಡಿ ನೋವಿತ್ತು. ಶೌರಪ್ಪ ಕಾಲು ಹಿಂದಕ್ಕೆ ಎಳ್ಕೊಂಡ. "ಬೇಡಿ ಗುರುಗಳೇ. ತುಂಬಾ ಹೊಲಸಾಗಿದೆ. ನೀವು ಮುಟ್ಟೋ ಹಾಗಿಲ್ಲ."

ಗುರುಗಳು ಅವನ ಹಿಮ್ಮಡಿ ಹಿಡ್ಕೊಂಡು ಮೆಲ್ಲಗೆ ಅಂದ್ರು, "ಮೂವತ್ತು ವರ್ಷದಿಂದ ನಿಮ್ಮ ಕಾಲಿಗೆ ಸುಮ್ಮನೆ ನೀರು ಹಾಕ್ತಿದೀನಿ ಶೌರಪ್ಪ. ಇವತ್ತು ನನಗೆ ಕೆಲಸ ಕೊಟ್ಟಿದೀರಿ. ಕಾಲು ಚಾಚಿ."

ನೀರು ಹಾಕಿದ್ರು. ಕಪ್ಪಗೆ ಇಳೀತು. ಒಂದು ಹೂಜಿ ಸಾಲಲಿಲ್ಲ, ಎರಡನೇದು ತಂದ್ರು. ಎರಡೂ ಸಾಲಲಿಲ್ಲ, ಮೂರನೇದು ತಂದ್ರು. ಮುಳ್ಳು ಕಿತ್ತರು, ತುಂಡಲ್ಲಿ ಒರೆಸಿದ್ರು, ಬಗ್ಗಿ ಆ ಕಾಲಿಗೆ ಮುತ್ತಿಟ್ರು. ಶೌರಪ್ಪನಿಗೆ ತಡೆಯೋಕಾಗ್ಲಿಲ್ಲ. ಅಳು ಬಂತು. ಮಗು ಅಳೋ ಹಾಗೆ ಅತ್ತ. ಕುರ್ಚಿ ಬಿಟ್ಟು ಜಾರಿ ನೆಲಕ್ಕೆ ಬಂದ. ಮಂಡಿ ಕಟಕ್ ಅಂತು, ಆದ್ರೂ ಊರಿದ.

ಊರಿದ, ಬಾಯಿ ತೆರೆದ. ಜಪ ಬರಲ್ಲ. "ನಮೋ ಮರಿಯಾ" ಅಂದ, ಮುಂದಿನದು ಮರೆತು ಹೋಗಿದೆ. ಹೆಂಗಸರ ಕಡೆ ತಿರುಗಿ, ಹಿಂದೆಯೇ ಓಡಿ ಬಂದಿದ್ದ ಜ್ಞಾನಮ್ಮನ ಮುಖ ನೋಡ್ದ. ಅವಳಿಗೆ ಹೇಳಿಕೊಡೋ ಆಸೆ ಆಯ್ತು, ತುಟಿ ಕಚ್ಕೊಂಡು ಸುಮ್ಮನಿದ್ದಳು. ಅತ್ತ ಗುರುಗಳು ಕಾಲು ತೊಳೆಯೋದು ಮುಗಿಸಿ ಬಲಿಪೀಠದ ಹತ್ರ ಹೋದ್ರು. ಪೂಜೆಯ ರೊಟ್ಟಿ ಕೈಗೆ ತಗೊಂಡ್ರು, ಗಂಟೆ ಹೊಡೆಯೋ ಹೊತ್ತು ಅದು. ಗಿಲಕಿ ಆಡಿಸೋನು ಗಿಲಕಿ ಎತ್ಕೊಂಡ.

ಶೌರಪ್ಪ ಸರ ಎದೆಗೆ ಒತ್ಕೊಂಡು ಅಂದ, "ಸ್ವಾಮಿ, ನಾನು ಶೌರಪ್ಪ. ಈ ಸಲ ನಾನೇ ಬಂದಿದೀನಿ."

ಇಷ್ಟೇ ಅವನ ಜಪ.

ಗಿಲಕಿ ಆಡ್ತು. ಕಟ ಕಟ, ಕಟ ಕಟ, ಕಟ ಕಟ.

ಹೊರಗೆ ದೊಡ್ಡ ಸೈತಾನನ ಆಳುಗಳಿಬ್ಬರು ಬೊಂಬು ಹಿಡ್ಕೊಂಡು ಬಂದ್ರು. ಹುಣಸೆಮರದ ಕೆಳಗೆ ಚೀಲ. ಒಬ್ಬ ಕಿವಿ ಇಟ್ಟು ಕೇಳ್ದ, "ಗೊರಕೆ ಸರಿಯಾಗಿದೆ." ಇನ್ನೊಬ್ಬ ಎತ್ತಿ ನೋಡ್ದ, "ಸ್ವಲ್ಪ ಹಗುರ ಆಯ್ತಲ್ಲ?" ಮೊದಲನೆಯೋನು ಅಂದ, "ನಲವತ್ತು ದಿನ ಉಪವಾಸ ಅಂತೆ ಕಣೋ, ಇನ್ನೇನು." ಬಾಯಿ ಬಿಗಿದು ಕಟ್ಟಿ, ಬೊಂಬಿಗೆ ನೇತು ಹಾಕಿ, ಹೊತ್ಕೊಂಡು ಹೋದ್ರು. ದಾರೀಲಿ ಎಚ್ಚರ ಆಗಿ ಒಳಗಿಂದ ಕೂಗು ಬಂತು, "ಏ, ನಾನು ಕಣ್ರೋ, ನಾನು ನಿಮ್ಮೋನು." ಹೊತ್ತೋರು ತಿರುಗಿ ನೋಡ್ದೆ ಅಂದ್ರು, "ಚೀಲದಲ್ಲಿರೋರೆಲ್ಲ ಹಂಗೇ ಅಂತಾರೆ."

ಬೆಂಕಿಗೆ ಸುರಿದ ಮೇಲೆ ಗೊತ್ತಾಯ್ತು. ಬಾಲ ಅರ್ಧ ಸುಟ್ಟಿತ್ತು. ದೊಡ್ಡ ಸೈತಾನ ಕೇಳ್ದ, "ನಿನ್ನ ಯಾರು ಗೆದ್ದರು? ಗುರುಗಳಾ?" ಅಲ್ಲ. "ಆ ಮುದುಕಿನಾ?" ಅಲ್ಲ. "ಆಡಾ?" ಮರಿ ಸೈತಾನ ತಲೆ ಕೆರ್ಕೊಂಡು ಅಂದ, "ನಿದ್ದೆ ಧಣಿ. ಇನ್ನು ಭಯ ಇಲ್ಲ ಅಂತ ಮಲಗಿಬಿಟ್ಟೆ."

ಆಮೇಲೆ ಶೌರಪ್ಪ ದೊಡ್ಡ ಸಂತ ಆದ್ನಾ? ಎಲ್ಲಿಂದ ಬಂತು. ಅವನೂ ನಮ್ಮ ಹಾಗೇ ಮನುಷ್ಯ. ಕುರ್ಚಿ ಬಿಟ್ಟು ಚಾಪೆಗೆ ಬಂದ, ಆದ್ರೆ ಚಾಪೆ ಮೇಲೂ ತೂಕಡಿಸ್ತಿದ್ದ. ಅದಕ್ಕೇ ಜ್ಞಾನಮ್ಮನ್ನ ಕೇಳ್ಕೊಂಡು ಆ ಆಡನ್ನ ಚರ್ಚಿನ ಕಿಟಕಿ ಹತ್ರ ಕಟ್ಟಿಸ್ಕೊಂಡಿದ್ದ. ಇವನ ತಲೆ ಬಾಗಿದ್ರೆ ಅದು ಮೇ ಅಂತಿತ್ತು. ಮುಂದಿನ ವರ್ಷ ಗುರುವಾರ ಗಾಡಿ ಕಟ್ಟಿಸ್ಲಿಲ್ಲ. ಧೂಳು ಕಾಲಲ್ಲೇ ನಡ್ಕೊಂಡು ಬಂದ, ಹನ್ನೆರಡನೇ ಜಾಗದಲ್ಲಿ ಕೂತ. ಮೊದಲನೇ ಜಾಗದಲ್ಲಿ ಇನ್ನಾಸಿ ಇದ್ದ. ಲೂರ್ದಮ್ಮನಿಗೆ ಅವತ್ತು ಬೆಳಿಗ್ಗೆ ಮಾಡೋಕೆ ಕೆಲಸನೇ ಇರ್ಲಿಲ್ಲ.

ಆದ್ರೆ ಇನ್ನೊಂದು ಮಾತು ಉಳೀತು. ಅವತ್ತು ದೊಡ್ಡ ಸೈತಾನ ಹೊಸ ಕಟ್ಟಳೆ ಮಾಡ್ದ, ಇನ್ನು ಮುಂದೆ ನಮ್ಮೋರಲ್ಲಿ ಯಾರೂ ಮಲಗೋ ಹಾಗಿಲ್ಲ ಅಂತ. ಅವತ್ತಿಂದ ಅವರು ಮಲಗಿಲ್ಲ. ಒಂದು ಸಲ ಸುಟ್ಕೊಂಡು ಅವರು ಕಲಿತ್ರು. ನಾವೋ, ಕಥೆ ಕೇಳಿ ಹೂಂ ಅಂತೀವಿ.

ಎಲ್ಲಿ, ಒಂದು ಹೂಂ ಕಮ್ಮಿ ಆಯ್ತಲ್ಲ? ನೋಡ್ರವ್ವಾ, ಉಪದೇಶಿ ಮಾಮ ಕಂಬಕ್ಕೆ ಒರಗೇಬಿಟ್ಟಿದಾನೆ. ಒರಗಬೇಡ ಅಂತ ಮೊದಲೇ ಹೇಳಿದ್ದೆ. ಥೆಕ್ಲಕ್ಕ, ಅವನಿಗೆ ಬೀಸ್ತಿರೋದು ನೀನಾ? ಅಲ್ವಾ? ನಿನ್ನ ಕೈಯಲ್ಲಿ ಹುಣಸೆಹಣ್ಣಿದೆ. ಆ ಕಡೆ ಯಾರಾದ್ರೂ ಬೀಸ್ತಿದೀರಾ? ಇಲ್ವಾ? ಹೊರಗೆ ನೋಡ್ರಿ, ಮರದಲ್ಲಿ ಒಂದು ಎಲೆ ಅಲ್ಲಾಡ್ತಿಲ್ಲ. ಮಾಮನ ಹೆಗಲ ವಸ್ತ್ರ ಮಾತ್ರ ಪಟಪಟ ಅಂತಿದೆ.

ಬೀಜ ಆ ಕಡೆ, ಹಣ್ಣು ಈ ಕಡೆ, ಕಥೆ ಇನ್ನು ನಿಮ್ಮ ಕಡೆ. ಯಾರಾದ್ರೂ ಎದ್ದು ಮೊದಲು ಮಾಮನ್ನ ಎಬ್ಬಿಸ್ರಿ.